ಏಳು ಮಾತಿನ ಹಂಬು

ನಮ್ಮೂರಿನ ಯಾವ ಮನೆಯಲ್ಲೂ ಉಪ್ಪಿನ ಭರಣಿ ಅಡುಗೆಮನೆಯೊಳಗೆ ಇರುವುದಿಲ್ಲ. ಹಿತ್ತಲ ಬಾಗಿಲಾಚೆ ಒಂದು ಗೂಡಿನಲ್ಲಿ, ಬಿಗಿಯಾದ ಮುಚ್ಚಳದ ಕೆಳಗೆ ಇರುತ್ತದೆ. ಸಾರಿಗೆ ಉಪ್ಪು ಹಾಕಬೇಕಾದರೆ ಪಾತ್ರೆಯನ್ನೇ ಹೊರಗೆ ಒಯ್ದು, ಹಾಕಿ, ಕೈ ಮೂರು ಸಲ ತೊಳೆದು ಒಳಗೆ ಬರಬೇಕು. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಮೊದಲ ತಿಂಗಳು ಇದೊಂದು ದೊಡ್ಡ ಗೋಳು. ಆಮೇಲೆ ಅವರೇ ತಮ್ಮ ಸೊಸೆಯರ ಕೈ ಮೂಸಿ ನೋಡುವಷ್ಟು ಪಳಗುತ್ತಾರೆ. ಇದೆಲ್ಲ ಹಂಬಿನ ಸಲುವಾಗಿ.

ಹಂಬು ಎಂದರೆ ಸೌತೆಯದೋ ಕುಂಬಳದ್ದೋ ಅಲ್ಲ. ನಮ್ಮ ಹಂಬಿಗೆ ಎಲೆಯಿಲ್ಲ, ಹೂವಿಲ್ಲ, ಬೇರಿಲ್ಲ. ಅರಿಶಿನದ ಬಣ್ಣದ, ಮುಟ್ಟಿದರೆ ತಣ್ಣಗೆ ಮಿಡಿಯುವ ಒಂದು ಜೀವ ಅದು. ಸೂರಿನಡಿ ಬೋರಲು ಹಾಕಿದ ನಾಡಹೆಂಚಿನ ಸಾಲಿನೊಳಗೆ ಕತ್ತಲಲ್ಲಿ ಹರಿದು ಮನೆಯಿಂದ ಮನೆಗೆ ಹೋಗುತ್ತದೆ. ಮನೆಯೊಳಗೆ ಅದರ ತುದಿಗೊಂದು ಮಣ್ಣಿನ ಕುಡಿಕೆ. ಯಾರೊಂದಿಗೆ ನಂಟೋ ಅವರ ಹೆಸರಿಗೊಂದು ಕುಡಿಕೆ. ಅದರಲ್ಲಿ ಬೆರಳಿಟ್ಟು ಒತ್ತಿದರೆ ಆ ಒತ್ತು ಹಂಬಿನುದ್ದಕ್ಕೂ ಮಿಡಿಯುತ್ತ ಹೋಗಿ ಅತ್ತ ಕಡೆಯ ಕುಡಿಕೆ ಮುಟ್ಟುತ್ತದೆ. ಒತ್ತಿನ ಎಣಿಕೆಯಲ್ಲಿ ಹಾಗೆ ಹೋಗುವ ಮಾತು ಏಳೇ ಏಳು: ಇದ್ದೀಯಾ, ಇದ್ದೀನಿ, ಊಟ ಆಯ್ತಾ, ಆಯ್ತು, ಬಾ, ಹುಷಾರಿಲ್ಲ. ಏಳನೆಯದಕ್ಕೆ ಬೆರಳನ್ನು ಎತ್ತದೆ ಹಾಗೇ ಇಟ್ಟುಕೊಂಡಿರಬೇಕು. ಅದಕ್ಕೆ ನಾವು 'ಸುಮ್ಮನೆ' ಅನ್ನುತ್ತೇವೆ. ಇನ್ನೂ ಏನಾದರೂ ಹೇಳುವುದಿದ್ದರೆ ಎದ್ದು ಹೋಗಿ ಬಾಯಲ್ಲಿ ಹೇಳಬೇಕು. ಇಷ್ಟರಲ್ಲೇ ಊರಿನ ಬದುಕು ಚೆನ್ನಾಗಿ ಸಾಗಿದೆ. ಜಗಳಕ್ಕೆ ಬೇಕಾದ ಮಾತೊಂದೂ ಏಳರಲ್ಲಿ ಇಲ್ಲದಿರುವುದೂ ಅದಕ್ಕೆ ಕಾರಣವಿರಬಹುದು.

ನಾನು ರುದ್ರಾಣಿ, ಹಂಬಿನವಳು. ಮೇಲಿನ ಕೇರಿಯಿಂದ ಕಮರಿಯ ಆಚೆ ದಂಡೆಯವರೆಗೆ ಇಪ್ಪತ್ತೆರಡು ವರ್ಷದಿಂದ ನನ್ನದೇ ಪಾಳಿ. ಬೆಳಿಗ್ಗೆ ಎದ್ದು ಸಪ್ಪೆ ರಾಗಿ ಅಂಬಲಿಯ ಗಡಿಗೆ ಒಂದು ಕೈಯಲ್ಲಿ, ಕುಂಚ ಇನ್ನೊಂದು ಕೈಯಲ್ಲಿ ಹಿಡಿದು ಹೊರಡುತ್ತೇನೆ. ಹೆಂಚು ಎತ್ತಿ ನೋಡುವುದು, ಒಣಗಿದ ಕಡೆ ಒದ್ದೆ ಬಟ್ಟೆ ಒತ್ತುವುದು, ಸೊರಗಿದ ಕಡೆ ಒಂದು ತೊಟ್ಟು ಅಂಬಲಿ ಹಚ್ಚುವುದು. ಎಲ್ಲಿ ಮಾತು ಹೆಚ್ಚೋ ಅಲ್ಲಿ ಹಂಬು ಕಿರುಬೆರಳಿನಷ್ಟು ದಪ್ಪ, ಎಲ್ಲಿ ಕಡಿಮೆಯೋ ಅಲ್ಲಿ ಹೂ ಕಟ್ಟುವ ದಾರದಷ್ಟು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಯಾರೂ ಒತ್ತದಿದ್ದರೆ ಅದು ಆ ದಾರಿ ಬಿಟ್ಟು ಹಿಂದಕ್ಕೆ ಸರಿಯುತ್ತದೆ. ಬಿಟ್ಟ ದಾರಿಯಲ್ಲಿ ಒಂದು ಬಿಳಿ ಗೆರೆ ಒಣಗಿ ಉಳಿಯುತ್ತದೆ. ಆ ಗೆರೆ ಇರುವ ಕಡೆ ಹಂಬು ಮತ್ತೆಂದೂ ಕಾಲಿಡುವುದಿಲ್ಲ. ಅಂಬಲಿಯ ಹೊಳೆ ಹರಿಸಿದರೂ ಇಲ್ಲ.

ಹಿಂದೊಮ್ಮೆ ಯಂತ್ರಗಳನ್ನು ಒಂದಕ್ಕೊಂದು ತಂತಿಯಲ್ಲಿ ಜೋಡಿಸುವ ಎಂಜಿನಿಯರೊಬ್ಬರು ಇದನ್ನು ನೋಡಲೆಂದೇ ನಮ್ಮೂರಿಗೆ ಬಂದಿದ್ದರು. ಎರಡು ವಾರ ನನ್ನ ಹಿಂದೆಯೇ ಓಡಾಡಿ ನಕ್ಷೆ ಬರೆದುಕೊಂಡರು. ನಾನು ಒಂದು ಕಡೆ ಹಂಬು ಕತ್ತರಿಸಿ ತೋರಿಸಿದೆ. ಮೂರನೆಯ ದಿನಕ್ಕೆ ಅದು ಪಕ್ಕದ ಗೋಡೆ ಬಳಸಿ ಬಂದು ಕೂಡಿಕೊಂಡಿತು. ಆ ಮನುಷ್ಯ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ಇದಕ್ಕೆ ಹೀಗೆ ಹೋಗು ಅಂತ ಹೇಳೋದು ಯಾರು? ನಡುವೆ ಎಲ್ಲಾದ್ರೂ ಒಂದು ದೊಡ್ಡ ಗಡ್ಡೆ ಇದೆಯಾ?" ಎಂದು ಕೇಳಿದರು. ನಮ್ಮ ಹಂಬಿನವರ ಮೇಸ್ತ್ರಿ ಶಾಂತವೀರಪ್ಪನವರು ನಕ್ಕು, "ಯಾರೂ ಇಲ್ಲ ಸ್ವಾಮಿ. ಅದಕ್ಕೆ ಮನೆ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಉತ್ತರ ಎಲ್ಲಿಂದ ಬರುತ್ತೋ ಆ ಕಡೆ ಬೆಳೆಯುತ್ತೆ, ಅಷ್ಟೇ," ಅಂದರು. ಎಂಜಿನಿಯರು ಅದನ್ನು ಬರೆದುಕೊಂಡರು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಅವರಂತೆ ನಾನೂ ಬರೆದಿಟ್ಟುಕೊಂಡಿದ್ದರೆ ಮುಂದಿನ ಪಾಡು ತಪ್ಪುತ್ತಿತ್ತು.

ನನ್ನ ಮನೆ ಕಮರಿ ದಾಟುವ ಕಾಲುಸಂಕದ ಪಕ್ಕದಲ್ಲೇ, ಮೇಲಿನ ಕೇರಿಯ ಕೊನೆಯ ಮನೆ. ಮದುವೆ ಒಂದು ಆಗಿತ್ತು, ಎರಡೇ ವರ್ಷಕ್ಕೆ ಮುರಿದೂ ಬಿತ್ತು. ಅದನ್ನು ಇಲ್ಲಿ ಹೇಳುವುದು ಬೇಡ. ಕೆಳಗಿನ ಕೇರಿಯಲ್ಲಿದ್ದ ಅಮ್ಮನ ಹೆಸರಿನ ಕುಡಿಕೆ ಒಂದಿತ್ತು. ಅವಳು ಹೋಗಿ ಆರು ವರ್ಷ. ಮಂಡಲ ತುಂಬಿದ ದಿನ ಹಂಬು ಸರಿದುಹೋಯಿತು, ನಾನು ಕುಡಿಕೆ ತೊಳೆದು ನಾಗಂದಿಗೆಯ ಮೇಲೆ ಬೋರಲು ಹಾಕಿದೆ. ಊರಿನ ಹಂಬನ್ನೆಲ್ಲ ನೋಡಿಕೊಳ್ಳುವವಳ ಮನೆಗೆ ಹಂಬಿಲ್ಲ ಎಂದು ಜನ ತಮಾಷೆ ಮಾಡುತ್ತಾರೆ. ನಾನೂ ನಗುತ್ತೇನೆ.

ಹೊನ್ನಾಜಮ್ಮ ನಮ್ಮ ಕೇರಿಯಲ್ಲಿ ಹಪ್ಪಳ, ಸಂಡಿಗೆ ಮಾಡುವಾಕೆ. ಅರವತ್ತು ದಾಟಿದ ಗಟ್ಟಿ ಜೀವ, ಅದಕ್ಕಿಂತ ಗಟ್ಟಿ ನಾಲಗೆ. ಆಕೆಯ ತಂಗಿ ಪುಟ್ಟಮ್ಮಣ್ಣಿ ಅಕ್ಕನಿಗಿಂತ ಹನ್ನೊಂದು ವರ್ಷ ಚಿಕ್ಕವಳು. ತಾಯಿ ಇಲ್ಲದ ತಂಗಿಯನ್ನು ಅಕ್ಕನೇ ಎತ್ತಿ ಆಡಿಸಿ ಬೆಳೆಸಿದ್ದಳು. ಇಬ್ಬರೂ ಒಂದೇ ಸೂರಿನಡಿ, ಒಂದೇ ಒಲೆಯಲ್ಲಿ ಇಷ್ಟು ವರ್ಷ ಕಳೆದಿದ್ದರು. ಹಾಗಿದ್ದಾಗ ಐವತ್ತೆರಡನೆಯ ವಯಸ್ಸಿನಲ್ಲಿ ಪುಟ್ಟಮ್ಮಣ್ಣಿ ಕಮರಿಯಾಚೆಯ ಹಾಸಿಗೆ ಹೊಲಿಯುವ ಮುದ್ದಪ್ಪನನ್ನು ಮದುವೆಯಾಗುತ್ತೇನೆ ಅಂದಳು. ಊರು ಒಂದು ವಾರ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಹೊನ್ನಾಜಮ್ಮ ಮಾತ್ರ ತಾನೇ ಮುಂದೆ ನಿಂತು ಓಡಾಡಿ ಮದುವೆ ಮಾಡಿದಳು. ಆಕೆಯ ಮನೆಯಿಂದ ಸಂಕದ ಮೇಲಿನ ಗೋಡೆಗುಂಟ ಮುದ್ದಪ್ಪನ ಮನೆಗೆ ಹೊಸ ಹಂಬು ಹಬ್ಬಿಸಿದವಳು ನಾನು. ಕಮರಿ ದಾಟಲು ಇರುವುದು ಅದೊಂದೇ ದಾರಿ. ಮೊಳಮೊಳಕ್ಕೂ ಅಂಬಲಿ ಹಚ್ಚಿ ಕರೆದೊಯ್ಯಲು ಎರಡು ತಿಂಗಳು ಹಿಡಿಯಿತು.

ಹೊಸ ಮನೆಯಲ್ಲಿ ಕುಡಿಕೆ ಇಡುವ ಶಾಸ್ತ್ರಕ್ಕೆ ತವರಿನ ಹಿರಿಯಳು ಮೊದಲ ತುತ್ತು ಅಂಬಲಿ ಹಾಕಬೇಕು. ಹೊನ್ನಾಜಮ್ಮ ಬಗ್ಗಿ ಹಾಕಿದಳು. ನಾವೆಲ್ಲ ನೋಡುತ್ತಿದ್ದಂತೆ ಹಂಬಿನ ತುದಿ ಬೆಚ್ಚಿ ಮುದುರಿತು, ಹಳದಿ ಹೋಗಿ ಬೆಳ್ಳಗಾಯಿತು. ಉಪ್ಪು ತಾಗಿದರೆ ಮಾತ್ರ ಹಾಗಾಗುವುದು. ನಮ್ಮೂರಿನಲ್ಲಿ ಇನ್ನೊಬ್ಬರ ಕುಡಿಕೆಗೆ ಉಪ್ಪು ಹಾಕುವುದೆಂದರೆ ನಿನ್ನ ಮುಖ ನೋಡುವುದಿಲ್ಲ ಎಂದಂತೆ. ಅದರ ಮೇಲೆ ಹೊನ್ನಾಜಮ್ಮ ಹಪ್ಪಳದ ಕೈಯವಳು.

ಪುಟ್ಟಮ್ಮಣ್ಣಿಯ ಮುಖ ಸಣ್ಣದಾಯಿತು. "ನಾನ್ ಹೋಗೋದು ಇಷ್ಟ ಇಲ್ದಿದ್ರೆ ಬಾಯ್ಬಿಟ್ಟು ಹೇಳ್ಬೋದಿತ್ತು ಅಕ್ಕ. ಶುಭದ ದಿನ ಉಪ್ಪು ಹಾಕ್ಬೇಕಾಗಿತ್ತಾ?" ಅಂದಳು. ಹೊನ್ನಾಜಮ್ಮ ಸೆರಗು ಹೊದ್ದು, ಮೆಟ್ಟಿಲಿಳಿದು, ಹಿಂತಿರುಗಿ ನೋಡದೆ ಸಂಕ ದಾಟಿ ಹೋದಳು.

ಸುಟ್ಟ ತುದಿಯನ್ನು ನಾನು ತೊಳೆದು ಸರಿಮಾಡಿದೆ. ಐದಾರು ದಿನದಲ್ಲಿ ಹಂಬು ಚೇತರಿಸಿಕೊಂಡಿತು. ಚೇತರಿಸಿಕೊಳ್ಳದವರು ಇವರಿಬ್ಬರೇ. ಬೆಳಿಗ್ಗೆ ಈ ಕಡೆ ಹೋದರೆ ಹೊನ್ನಾಜಮ್ಮ ಹಿಟ್ಟು ನಾದುತ್ತ, "ನಾನ್ಯಾಕೆ ಒತ್ಲಿ? ಅನ್ನೋದೆಲ್ಲ ಅಂದೋಳು ಅವ್ಳು. ಅವ್ಳೇ ಒತ್ಲಿ," ಅನ್ನುವಳು. ಆ ಕಡೆ ಹೋದರೆ ಪುಟ್ಟಮ್ಮಣ್ಣಿ ಹತ್ತಿ ಹಿಂಜುತ್ತ, "ಉಪ್ಪು ಹಾಕಿದ್ದು ನಾನಾ ರುದ್ರಿ? ಮೊದ್ಲು ಅವ್ಳು ಒತ್ಲಿ," ಅನ್ನುವಳು. ಎರಡು ಮನೆಯಲ್ಲೂ ಕುಡಿಕೆಯ ಮೇಲೆ ಒಂದು ಕಣ್ಣಿಟ್ಟೇ ಮಾತಾಡುತ್ತಿದ್ದರು. ಮೂವತ್ತಮೂರನೆಯ ದಿನ ಸಂಕದ ಬಳಿ ಹೆಂಚೆತ್ತಿ ನೋಡಿದರೆ ಹಂಬು ದಾರದೆಳೆಯಾಗಿತ್ತು. ಇನ್ನು ಹದಿನೈದು ದಿನ. ಆಮೇಲೆ ಆ ಎರಡು ಮನೆಗೂ ಬದುಕಿರುವವರೆಗೆ 'ಇದ್ದೀಯಾ' ಇಲ್ಲ. ಅಮ್ಮ ಹೋದ ವರ್ಷ ನಾನು ಊಟ ಬಿಟ್ಟಾಗ ತಟ್ಟೆ ಹಿಡಿದು ಬಾಗಿಲಲ್ಲಿ ಕೂತವಳು ಹೊನ್ನಾಜಮ್ಮ.

ಇನ್ನೊಬ್ಬರ ಬಾಯಿ ಆಗಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಕಟ್ಟಳೆ. ಕುಂಚ ಕೈಗೆ ಕೊಡುವಾಗಲೇ ಮೇಸ್ತ್ರಿ ಆಣೆ ಮಾಡಿಸುತ್ತಾರೆ. ಆದರೆ ಆ ಹಂಬು ಹಾದುಹೋಗುವ ಗೂಡು ನನ್ನ ಅಡುಗೆಮನೆಯ ಗೋಡೆಯ ಹೊರಮೈಯಲ್ಲೇ ಇತ್ತು. ಒಳಗಿನಿಂದ ಒಂದು ಇಟ್ಟಿಗೆ ಕಿತ್ತರೆ ಬೀದಿಯವರ ಕಣ್ಣಿಗೆ ಬೀಳದೆ ಕೈ ಹೋಗುತ್ತದೆ. ಕಿತ್ತೆ. ಎಡಗೈಯಲ್ಲಿ ಹಂಬಿನ ನಡುವನ್ನು ಅದುಮಿ ಹಿಡಿದು ಬಲಗೈಯಲ್ಲಿ ಒತ್ತಿದರೆ ಒತ್ತು ಒಂದೇ ಕಡೆ ಹೋಗುತ್ತದೆ. ರಿಪೇರಿಯಲ್ಲಿ ನಾವು ಹಾಗೆ ಮಾಡುವುದುಂಟು. ಹೊನ್ನಾಜಮ್ಮನ ಕಡೆಗೆ 'ಇದ್ದೀಯಾ' ಎಂದು ಒತ್ತಿದೆ. ಆಮೇಲೆ ಪುಟ್ಟಮ್ಮಣ್ಣಿಯ ಕಡೆಗೂ ಒತ್ತಿದೆ.

ಎರಡು ಕಡೆಯಿಂದಲೂ 'ಇದ್ದೀನಿ' ಬಂತು. ಎಷ್ಟು ಬೇಗ ಬಂತೆಂದರೆ, ಇಬ್ಬರೂ ಕುಡಿಕೆಯೊಳಗೆ ಬೆರಳಿಟ್ಟುಕೊಂಡೇ ಕೂತಿದ್ದಿರಬೇಕು.

ಮರುದಿನ ಹೊನ್ನಾಜಮ್ಮ ಹಾಡು ಗುನುಗುತ್ತ ಹಪ್ಪಳ ಲಟ್ಟಿಸುತ್ತಿದ್ದಳು. "ಒತ್ತಿದ್ಲು ಕಣೇ. ಅವ್ಳೇ ಮೊದ್ಲು ಒತ್ತಿದ್ಲು," ಎಂದು ಗೆದ್ದವಳಂತೆ ಹೇಳಿದಳು. ಕಮರಿಯಾಚೆ ಪುಟ್ಟಮ್ಮಣ್ಣಿಯೂ ಅದೇ ಮಾತನ್ನು ಅದೇ ಗತ್ತಿನಲ್ಲಿ ಹೇಳಿದಳು. ನನಗೆ ನಗು ತಡೆಯಲಿಲ್ಲ. ಆಗಲೇ ಎಡಗೈ ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ. ಒಂದು, ಇಬ್ಬರೂ ನೇರವಾಗಿ ಮಾತಾಡಿಕೊಂಡರೆ ನಾನು ಸಿಕ್ಕಿಬೀಳುವ ಹೆದರಿಕೆ. ಇನ್ನೊಂದನ್ನೂ ಮುಚ್ಚಿಡದೆ ಹೇಳಿಬಿಡುತ್ತೇನೆ. ನಾಲ್ಕನೆಯ ದಿನ ಎರಡು ಕಡೆಯಿಂದಲೂ 'ಊಟ ಆಯ್ತಾ' ಬಂತು. ಆ ಮಾತು ನನ್ನ ಬೆರಳಿಗೆ ತಾಗಿ ಆರು ವರ್ಷವಾಗಿತ್ತು. ನನಗಲ್ಲ ಎಂದು ಗೊತ್ತಿದ್ದೂ 'ಆಯ್ತು' ಎಂದು ಒತ್ತಿದೆ. ಸುಳ್ಳಾಗದಿರಲೆಂದು ಎದ್ದು ಹೋಗಿ ನಿಜವಾಗಿಯೂ ಉಂಡೆ.

ಕೆಲಸಕ್ಕೆ ಹೋಗುವಾಗ ಅದುಮಿದ ಜಾಗದ ಮೇಲೊಂದು ಕಲ್ಲು ಹೇರಿ ಹೋಗುತ್ತಿದ್ದೆ. ಹೀಗೆ ಇಪ್ಪತ್ತು ದಿನ ನಡೆಯಿತು. ಒಂದು ಮಧ್ಯಾಹ್ನ ಹೊನ್ನಾಜಮ್ಮ 'ಸುಮ್ಮನೆ' ಒತ್ತಿದಳು. ಒಲೆಯ ಮೇಲಿನ ಅನ್ನ ಸೀದುಹೋಗುವಷ್ಟು ಹೊತ್ತು ಬೆರಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹಂಬು ನೋಡುನೋಡುತ್ತಿದ್ದಂತೆ ಮೈತುಂಬಿಕೊಂಡಿತ್ತು. ಇಟ್ಟಿಗೆಯ ಕಿಂಡಿಯಿಂದ ಎರಡು ಹಳದಿ ಕುಡಿ ಒಳಗಿಣುಕಿ, ಗೋಡೆಯಿಳಿದು, ಒರಳುಕಲ್ಲಿನ ಎರಡು ಬದಿಗೆ ಬಂದು ನಿಂತವು. ನನ್ನ ಕೈ ಹುಡುಕಿಕೊಂಡು ಬಂದವಲ್ಲ ಎಂದು ನಾನು ಹಿಗ್ಗಿದೆ. ಎರಡಕ್ಕೂ ಬೇರೆಬೇರೆ ತಟ್ಟೆಯಲ್ಲಿ ಅಂಬಲಿ ಇಟ್ಟೆ. ಇಪ್ಪತ್ತೆರಡು ವರ್ಷ ಕುಂಚ ಹಿಡಿದವಳಿಗೆ ಇಷ್ಟೂ ಹೊಳೆಯಲಿಲ್ಲ ಎಂದರೆ ಏನು ಹೇಳಲಿ, ಹಿಗ್ಗು ಕಣ್ಣು ಕಟ್ಟಿತ್ತು.

ತಿಂಗಳ ತಪಾಸಣೆಗೆ ಬಂದ ಶಾಂತವೀರಪ್ಪ ಮೇಸ್ತ್ರಿ ಸಂಕದ ಬಳಿ ಹೆಂಚೆತ್ತಿ ಬಹಳ ಹೊತ್ತು ನಿಂತರು. ಗೂಡಿನೊಳಗೆ, ನಾನು ದಿನವೂ ಅದುಮಿ ಹಿಡಿಯುತ್ತಿದ್ದ ಜಾಗದಲ್ಲಿ, ಒಂದು ಗೇಣು ಬಿಳಿ ಗೆರೆ ಒಣಗಿ ಬಿದ್ದಿತ್ತು. ಅವರು ನನ್ನ ಅಡುಗೆಮನೆಗೆ ಬಂದು ಒರಳುಕಲ್ಲು ನೋಡಿದರು, ಕಿಂಡಿ ನೋಡಿದರು, ನನ್ನ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಉತ್ತರ ಎಲ್ಲಿಂದ ಬಂತೋ ಆ ಕಡೆ ಬೆಳೀತು," ಅಂದರು. "ಅಕ್ಕನಿಗೂ ನೀನೇ ಉತ್ತರ, ತಂಗಿಗೂ ನೀನೇ ಉತ್ತರ. ಅವರಿಬ್ಬರ ನಡುವಿನ ದಾರಿ ಯಾರಿಗೂ ಬೇಡವಾಯ್ತು. ಉಳಿಸೋಕೆ ಹೋಗಿ ನೀನೇ ಕೊಂದೆಯಲ್ಲೇ ತಾಯಿ."

"ಇನ್ನೇನೂ ಮಾಡೋಕಾಗಲ್ವಾ ಮೇಸ್ತ್ರಿ?"

"ಹಳೇ ದಾರಿ ಹೋಯ್ತು. ಈ ಎರಡು ತುದಿ ಇಲ್ಲೇ, ಈ ಕಲ್ಲಿನ ಮೇಲೆ ಕೂಡಿದ್ರೆ ಉಂಟು. ಕೂಡ್ಬೇಕಾದ್ರೆ ಆ ಅಕ್ಕತಂಗೀರ ಕೈಯೇ ಒತ್ಬೇಕು, ಎರಡೂ ಒಟ್ಟಿಗೆ. ಎಳೇ ಕುಡಿ, ನೀನು ಕೈ ತೆಗೆದ ಮೇಲೆ ನಾಲ್ಕು ದಿನ ತಡೀಬಹುದು." ಅವರು ಕೈ ಚಾಚಿದರು. ನಾನು ಕುಂಚ ಕೊಟ್ಟೆ. ಒಂದು ವರ್ಷ ಅಂಬಲಿ ಬೇಯಿಸುವ ಕೊಟ್ಟಿಗೆಯಲ್ಲಿ ಕೆಲಸ ಮಾಡು, ಆಮೇಲೆ ನೋಡೋಣ ಎಂದು ಹೇಳಿ ಹೋದರು. ಅದು ನ್ಯಾಯವೇ. ಆದರೆ ಕುಂಚವಿಲ್ಲದ ಕೈ ಎಲ್ಲಿಡಬೇಕೆಂದು ತಿಳಿಯದೆ ಅವತ್ತೆಲ್ಲ ಸೆರಗಿನೊಳಗೆ ಇಟ್ಟುಕೊಂಡು ಓಡಾಡಿದೆ.

ಮರುದಿನ ಬೆಳಿಗ್ಗೆ ಹೊನ್ನಾಜಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ಆಕೆ ಲಟ್ಟಣಿಗೆ ಕೆಳಗಿಟ್ಟಳು. ಒಂದೇ ಒಂದು ಪ್ರಶ್ನೆ ಕೇಳಿದಳು. "ಅವತ್ತು ಮಧ್ಯಾಹ್ನ ಅಷ್ಟು ಹೊತ್ತು ಹಿಡ್ಕೊಂಡಿದ್ಲಲ್ಲ, ಅದೂ ನೀನೇನಾ?"

"ನಾನೇ ಹೊನ್ನಕ್ಕ."

ಆಕೆ ಹಿಟ್ಟಿನ ಕೈ ನೋಡಿಕೊಳ್ಳುತ್ತ ಕೂತಳು. ಗದರಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆಕೆ ಮೆಲ್ಲಗೆ, "ನಾನು ಉಪ್ಪು ಹಾಕ್ಲಿಲ್ಲ ಕಣೇ. ಕೈ ಮೂರು ಸಲ ಅಲ್ಲ, ಒಂಬತ್ತು ಸಲ ತೊಳ್ದಿದ್ದೆ," ಅಂದಳು. "ಹಂಗಾದ್ರೆ ಏನಾಯ್ತು?" ಎಂದು ಕೇಳಿದೆ. ಆಕೆ ಲಟ್ಟಣಿಗೆ ಮತ್ತೆ ಕೈಗೆತ್ತಿಕೊಂಡಳು. "ನೀನೇ ಹೋಗಿ ಹೇಳು ಅವ್ಳಿಗೆ, ನಾನ್ ಹಾಕ್ಲಿಲ್ಲಾಂತ," ಅಂದಳು.

"ಇಲ್ಲ ಹೊನ್ನಕ್ಕ. ಇನ್ನೊಬ್ಬರ ಬಾಯಿ ಆಗಿದ್ದು ಸಾಕು. ನಾಳೆ ನನ್ನ ಮನೆಗೆ ಬನ್ನಿ. ನೀವೇ ಹೇಳಿ."

ಪುಟ್ಟಮ್ಮಣ್ಣಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಆಕೆ ಹತ್ತಿಯ ರಾಶಿಯ ನಡುವೆ ಕೂತು ಅತ್ತಳು. "ಹಂಗಾದ್ರೆ ಮೊದ್ಲು ಒತ್ತಿದ್ದು ಅಕ್ಕ ಅಲ್ವಾ?" ಎಂದು ಮತ್ತೆಮತ್ತೆ ಕೇಳಿದಳು. ಇಪ್ಪತ್ತು ದಿನದ ಸಂತೋಷವನ್ನು ನಾನು ಕೊಟ್ಟು ನಾನೇ ಕಿತ್ತುಕೊಂಡಿದ್ದೆ. ಮುದ್ದಪ್ಪ ಮೂಲೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದವನು ತಲೆಯೆತ್ತಿ, "ಹೋಗಿ ಬಾ ಅಮ್ಮಣ್ಣಿ. ನಾನೇ ಸಂಕದವರೆಗೂ ಬಿಡ್ತೀನಿ," ಅಂದ.

ಇಬ್ಬರೂ ಬಂದರು. ಬಂದು ಒರಳುಕಲ್ಲಿನ ಎರಡು ಬದಿಗೆ, ಒಬ್ಬರು ಕಿಟಕಿ ನೋಡುತ್ತ ಇನ್ನೊಬ್ಬರು ಬಾಗಿಲು ನೋಡುತ್ತ ಕೂತರು. ನಡುವೆ ಎರಡು ಹಳದಿ ಕುಡಿ, ಒಂದಕ್ಕೊಂದು ಗೇಣು ದೂರದಲ್ಲಿ, ಆಗಲೇ ಬಾಡತೊಡಗಿದ್ದವು. ನಾನು ಎಷ್ಟು ಬೇಡಿಕೊಂಡರೂ ಬೆರಳು ಯಾರೂ ಮುಂದೆ ಮಾಡಲಿಲ್ಲ. ಕೊನೆಗೆ ಹೊನ್ನಾಜಮ್ಮ, "ಹಾಳಾಗೋಗ್ಲಿ, ಹಿರಿಯೋಳು ನಾನೇ ಅಲ್ವಾ," ಎಂದು ಬಗ್ಗಿದಳು. ತಂಗಿಯ ಕೈ ಕಣ್ಣಿಗೆ ಬಿತ್ತೇನೋ. ಹತ್ತಿಯ ಎಳೆ ಅಂಟಿದ, ಈಗ ಬಳೆ ತುಂಬಿದ ಕೈ. ಆಕೆ ಅಲ್ಲೇ ತಡೆದಳು. ಕಣ್ಣು ತುಂಬಿ, ಮೂಗಿನ ತುದಿಯವರೆಗೂ ಬಂದ ಹನಿ ತಟಕ್ಕನೆ ಕಲ್ಲಿನ ಮೇಲೆ, ಹಂಬಿನ ತುದಿಯ ಮೇಲೆ ಬಿತ್ತು.

ಹಂಬು ಬೆಚ್ಚಿ ಮುದುರಿತು. ಹಳದಿ ಹೋಗಿ ಬೆಳ್ಳಗಾಯಿತು.

ಪುಟ್ಟಮ್ಮಣ್ಣಿ ಆ ಬಿಳಿ ಚುಕ್ಕೆ ನೋಡಿದಳು. ಅಕ್ಕನ ಮುಖ ನೋಡಿದಳು. "ಅವತ್ತೂ ಇದೇನಾ ಅಕ್ಕ?" ಅಂದಳು.

"ಮತ್ತೇನು?" ಹೊನ್ನಾಜಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಸಿಡುಕಿದಳು. "ಮದ್ವೆ ಮಾಡಿ ಕಳ್ಸೋಳು ಅಳ್ಬಾರ್ದು ಅಂತ ಇಡೀ ದಿನ ಹಲ್ಲು ಕಚ್ಕೊಂಡಿದ್ದೆ. ಆ ಕುಡಿಕೆ ಮುಂದೆ ಬಗ್ಗಿದಾಗ, ನಾಳೆಯಿಂದ ನೀನು ಇದ್ದೀಯಾ ಅಂತ ಇದ್ರಲ್ಲೇ ಕೇಳ್ಬೇಕಲ್ಲಾ ಅನ್ನಿಸ್ತು. ಜಾರಿಹೋಯ್ತು. ಅಷ್ಟು ಜನದ ಮುಂದೆ ಅತ್ತೆ ಅಂತ ಹೇಳ್ಕೊಳ್ಲಾ? ಬಿಟ್ಟು ಹೋಗ್ಬೇಡ ಅಂದಂಗಾಗಲ್ವಾ ಅದು?"

"ಹೇಳ್ಬೇಕಿತ್ತು ಅಕ್ಕ."

"ಹೇಳಿದ್ರೆ ನೀನು ಹೋಗ್ತಿರ್ಲಿಲ್ಲ ಕಣೇ ಪೆದ್ದಿ."

ಪುಟ್ಟಮ್ಮಣ್ಣಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆಮೇಲೆ ಎದ್ದು, ಒದ್ದೆ ಬಟ್ಟೆ ತಂದು, ಅಕ್ಕನ ಕಣ್ಣೀರನ್ನು ಕಲ್ಲಿನಿಂದ ಮೆಲ್ಲಗೆ ಒರೆಸಿದಳು. ಎರಡು ತುದಿಗೂ ತನ್ನ ಕೈಯಿಂದಲೇ ಅಂಬಲಿ ಹಚ್ಚಿದಳು. ಸುಟ್ಟ ತುದಿ ಚೇತರಿಸಿಕೊಳ್ಳಲು ಹೊತ್ತು ಬೇಕು. ಕಾಯುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ನಾನು ಅನ್ನ, ಬೇಳೆ ಸಾರು ಮಾಡಿದೆ. ತೆರೆದ ಹಂಬು ಅಡುಗೆಮನೆಯಲ್ಲೇ ಇರುವಾಗ ಹಿತ್ತಲ ಭರಣಿ ಮುಟ್ಟಲು ಯಾರಿಗೂ ಧೈರ್ಯವಾಗಲಿಲ್ಲ. ಮೂವರೂ ಸಪ್ಪೆ ಸಾರಿನಲ್ಲಿ ಉಂಡೆವು. ಹಪ್ಪಳದ ಹೊನ್ನಾಜಮ್ಮ, ಉಪ್ಪು ಒಂದು ಹರಳು ಕಡಿಮೆಯಾದರೂ ಎಲೆ ಮುಂದಿನಿಂದ ಎದ್ದುಹೋಗುವವಳು, ಎರಡು ಸಲ ಬಡಿಸಿಕೊಂಡಳು. ಉಣ್ಣುತ್ತ ತಂಗಿಯ ತಟ್ಟೆಗೆ ತನ್ನ ತಟ್ಟೆಯ ಬೇಳೆ ಆರಿಸಿ ಹಾಕಿದಳು. ಮುದ್ದಪ್ಪನಿಗೆ ಗೊರಕೆ ಉಂಟೇ ಎಂದು ವಿಚಾರಿಸಿದಳು. ಪುಟ್ಟಮ್ಮಣ್ಣಿ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಳು.

ಮೂರನೆಯ ಜಾವದ ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಬಿಳಿಯ ತುದಿಯಲ್ಲಿ ಮತ್ತೆ ಹಳದಿ ಕಾಣಿಸಿತು. ಒಬ್ಬರು ಒಂದು ತುದಿಯಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ ಬೆರಳಿಟ್ಟರು. ಏನು ಒತ್ತಬೇಕೆಂದು ಯಾರೂ ಮಾತಾಡಿಕೊಳ್ಳಲಿಲ್ಲ. ಇಬ್ಬರೂ 'ಸುಮ್ಮನೆ' ಒತ್ತಿದರು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಕುಡಿಗಳು ತೆವಳಿ, ತಡವರಿಸಿ, ಕಲ್ಲಿನ ನಡುವೆ ಒಂದನ್ನೊಂದು ಮುಟ್ಟಿದವು. ಆಮೇಲೆ ಯಾವುದು ಯಾರದೆಂದು ತಿಳಿಯಲಿಲ್ಲ.

ಮರುದಿನ ಮೇಸ್ತ್ರಿ ಬಂದು ನೋಡಿ, ಹಂಬು ಹೋದ ದಾರಿ ನಾವು ತಿದ್ದುವ ಹಾಗಿಲ್ಲ ಅಂದರು. ಒರಳುಕಲ್ಲಿನ ಮೇಲೆ ಒಂದು ಹೆಂಚು ಬೋರಲು ಹಾಕಿದರು. ಕೂಡಿದ ಜಾಗ ಎಳಸು, ಆಗಾಗ ಒದ್ದೆ ಮಾಡುತ್ತಿರು, ಬೆರಳು ಮಾತ್ರ ಇಡಬೇಡ ಅಂದರು. ಕುಂಚ ವಾಪಸು ಕೊಡಲಿಲ್ಲ. ನಾನೂ ಕೇಳಲಿಲ್ಲ. ರುಬ್ಬುವುದಕ್ಕೆ ಪಕ್ಕದ ಮನೆಗೆ ಹೋಗುತ್ತೇನೆ.

ಅಂದಿನಿಂದ ಅಂಬಲಿಯ ಕೊಟ್ಟಿಗೆಯಿಂದ ಬಂದು ಹೆಂಚಿನ ಮೇಲೆ ಒದ್ದೆ ಬಟ್ಟೆ ಹಾಸುವಾಗ ಮಾತು ಹಾದುಹೋಗುವುದು ಅಂಗೈಗೆ ತಿಳಿಯುತ್ತದೆ. ಇದ್ದೀಯಾ. ಇದ್ದೀನಿ. ಕೈ ತೆಗೆದುಬಿಡುತ್ತೇನೆ. ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಮಧ್ಯಾಹ್ನ, ಹೊನ್ನಾಜಮ್ಮನ ಕಡೆಯಿಂದ 'ಊಟ ಆಯ್ತಾ' ಬಂತು. ಪುಟ್ಟಮ್ಮಣ್ಣಿಯ ಕಡೆಯಿಂದ ಉತ್ತರ ಬರಲಿಲ್ಲ. ಮತ್ತೆ ಬಂತು. ಉತ್ತರವಿಲ್ಲ. ಏನಾಯಿತೋ ಎಂದು ನನಗೆ ಗಾಬರಿ. ಅಷ್ಟರಲ್ಲಿ ಆಚೆ ಕಡೆಯಿಂದಲೂ ಅದೇ ಬಂತು: ಊಟ ಆಯ್ತಾ. ಇಬ್ಬರೂ ಕೇಳುತ್ತಿದ್ದರು, ಇಬ್ಬರೂ 'ಆಯ್ತು' ಅನ್ನುತ್ತಿರಲಿಲ್ಲ. ಈ ಕಡೆಯಿಂದೊಮ್ಮೆ, ಆ ಕಡೆಯಿಂದೊಮ್ಮೆ, ನಡುವೆ ನನ್ನ ಕಲ್ಲಿನ ಮೇಲೆ ಬಂದು ನಿಲ್ಲುತ್ತಿದ್ದವು.

ಯಾರನ್ನು ಕೇಳುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನನ್ನನ್ನೇ ಎಂದು ತಿಳಿದ ಮೇಲೆ ಅಲ್ಲಿ ಕೂರಲಾಗಲಿಲ್ಲ. ಹಂಬಿನ ಹತ್ತಿರ ಅಳುವ ಹಾಗಿಲ್ಲ. ನಾಗಂದಿಗೆಯಿಂದ ಅಮ್ಮನ ಕುಡಿಕೆ ಇಳಿಸಿಕೊಂಡು ಹಿತ್ತಿಲಿಗೆ ಓಡಿದೆ. ನಾನು ಅಲ್ಲಿ ಸಾಕಾಗುವಷ್ಟು ಅತ್ತು, ಮುಖ ತೊಳೆದು, ಕುಡಿಕೆ ತೊಳೆದು, ಕೈ ಮೂರು ಸಲ ತೊಳೆದುಕೊಂಡು ಒಳಗೆ ಬರುವವರೆಗೂ ಅವರಿಬ್ಬರೂ ಕೇಳುತ್ತಲೇ ಇದ್ದರು.